ಆಟ ಇದೆಯೋ ಇಲ್ಲವೋ: 2020ರಲ್ಲಿ ಅಮೆರಿಕದ ಸಣ್ಣ ಕಾಲೇಜುಗಳ ಫುಟ್‌ಬಾಲ್

(ಮೈಸೂರಿನಲ್ಲಿ ಕಾಲೇಜು ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕ್ರೀಡೆ ಬಲ್ಲವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ನಮ್ಮಲ್ಲಿ ಓದುವವರು ಸಾವಿರದ ಚಿಲ್ಲರೆ ಜನ. ಅವರಲ್ಲಿ ನೂರಕ್ಕೂ ಜಾಸ್ತಿ ಹುಡುಗರು ಫುಟ್‌ಬಾಲ್ ತಂಡದವರು. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಆ ಆಟ. ಹತ್ತರಲ್ಲಿ ಒಬ್ಬ ವಿದ್ಯಾರ್ಥಿ ಆ ಆಟದವನು. ಹುಡುಗರನ್ನು ಮಾತ್ರ ಎಣಿಸಿದರೆ ಐದರಲ್ಲಿ ಒಬ್ಬ. ನನ್ನ ಕ್ಲಾಸಿನ ಕೊನೇ ಬೆಂಚು ಪೂರ್ತಿ ಅವರದ್ದೇ.

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದಾಗ ನಿಮಗೆ ನೆನಪಾಗುವುದು ಟಿವಿಯಲ್ಲಿ ಬರುವ ಆಟ. ಒಂದು ಲಕ್ಷ ಜನ ಕೂರುವ ಸ್ಟೇಡಿಯಂ, ಕೋಟಿಗಟ್ಟಲೆ ಸಂಬಳದ ಕೋಚ್. ಅಲಬಾಮ, ಓಹಾಯೋ ಸ್ಟೇಟ್, ಮಿಶಿಗನ್. ಅದು ಬೇರೆ ಲೋಕ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಅನ್ನುವ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ. ಮೂರನೇ ಡಿವಿಷನ್‌ನಲ್ಲಿ ಸುಮಾರು 440 ಕಾಲೇಜುಗಳಿವೆ. ಅರ್ಧಕ್ಕಿಂತ ಜಾಸ್ತಿ ಕಡೆ ಫುಟ್‌ಬಾಲ್ ತಂಡ ಇದೆ. ಇಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ, ಅದು ನಿಯಮ. ಟಿವಿ ದುಡ್ಡಿಲ್ಲ. ಶನಿವಾರ ಮಧ್ಯಾಹ್ನ ಅಪ್ಪ ಅಮ್ಮ, ಅಜ್ಜಿ, ಊರಿನ ಹಾರ್ಡ್‌ವೇರ್ ಅಂಗಡಿಯವನು, ಹಳೇ ವಿದ್ಯಾರ್ಥಿಗಳು ಒಂದಷ್ಟು ಜನ ಬಂದು ಕೂರುತ್ತಾರೆ. ಎನ್‌ಸಿಎಎ ಹೊರಗೆ ಎನ್‌ಎಐಎ ಅಂತ ಸಣ್ಣ ಕಾಲೇಜುಗಳದ್ದೇ ಇನ್ನೊಂದು ಕೂಟವೂ ಇದೆ.

ಹಾಗಾದರೆ ಟಿವಿ ದುಡ್ಡಿಲ್ಲದೆ, ಟಿಕೆಟ್ ದುಡ್ಡಿಲ್ಲದೆ ಸಣ್ಣ ಕಾಲೇಜು ಈ ಆಟವನ್ನು ಯಾಕೆ ಸಾಕುತ್ತದೆ? ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಸಣ್ಣ ಕಾಲೇಜಿಗೆ ಫುಟ್‌ಬಾಲ್ ಅಂದರೆ ಅಡ್ಮಿಷನ್. ಸುಮ್ನೆ ಒರಟಾಗಿ ಲೆಕ್ಕ ಹಾಕೋಣ. ಖಾಸಗಿ ಕಾಲೇಜುಗಳು ಪಟ್ಟಿಯಲ್ಲಿ ಬರೆಯುವ ಫೀಸು ವರ್ಷಕ್ಕೆ ನಲವತ್ತು ಸಾವಿರ ಡಾಲರ್ ಇರಬಹುದು. ಆದರೆ ಮೊದಲ ವರ್ಷದವರಿಗೆ ಸರಾಸರಿ ಅರ್ಧಕ್ಕಿಂತ ಜಾಸ್ತಿ ರಿಯಾಯಿತಿ ಕೊಡುತ್ತಾರೆ. ಕೈಗೆ ಬರುವುದು ಇಪ್ಪತ್ತು ಸಾವಿರ ಅಂದುಕೊಳ್ಳಿ. ಹಾಸ್ಟೆಲ್ಲು, ಊಟ ಅಂತ ಇನ್ನೊಂದು ಹತ್ತು ಸಾವಿರ. ನೂರು ಹುಡುಗರಿಗೆ ಮೂವತ್ತು ಲಕ್ಷ ಡಾಲರ್. ಕೋಚ್‌ಗಳ ಸಂಬಳ, ಬಸ್ಸು, ಹೆಲ್ಮೆಟ್ಟು ಎಲ್ಲ ಸೇರಿದರೂ ಖರ್ಚು ಅದರ ಒಂದು ಪಾಲು ಮಾತ್ರ. ಈ ನೂರು ಹುಡುಗರಲ್ಲಿ ತುಂಬಾ ಜನ ಫುಟ್‌ಬಾಲ್ ಇಲ್ಲದಿದ್ದರೆ ಈ ಕಾಲೇಜಿನ ಹೆಸರನ್ನೂ ಕೇಳಿರುತ್ತಿರಲಿಲ್ಲ. ಕೋಚ್ ಹೈಸ್ಕೂಲಿಗೆ ಹೋಗಿ, ಮನೆಗೆ ಹೋಗಿ, ಅಮ್ಮನ ಹತ್ತಿರ ಮಾತಾಡಿ ಕರೆದುಕೊಂಡು ಬಂದಿರುತ್ತಾನೆ. ಅಮೆರಿಕದ ಕಾಲೇಜುಗಳಲ್ಲಿ ಈಗ ಹುಡುಗಿಯರೇ ಜಾಸ್ತಿ. ಹುಡುಗರನ್ನು ತರುವುದು ಕಷ್ಟ. ಹಾಗಾಗಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಸಣ್ಣ ಕಾಲೇಜುಗಳು ಹೊಸದಾಗಿ ಫುಟ್‌ಬಾಲ್ ಶುರು ಮಾಡಿದವು. ಮಿಶಿಗನ್‌ನ ಏಡ್ರಿಯನ್ ಕಾಲೇಜು ಹೊಸ ಹೊಸ ಕ್ರೀಡಾ ತಂಡ ಕಟ್ಟಿಯೇ ಸೊರಗಿದ್ದ ಅಡ್ಮಿಷನ್ ಏರಿಸಿಕೊಂಡಿತು. ಅದನ್ನು ನೋಡಿ ಕಲಿತವರು ಬಹಳ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 2020ಕ್ಕೆ ಬನ್ನಿ.

ಮಾರ್ಚ್ 12ರಂದು ಎನ್‌ಸಿಎಎ ಬಾಸ್ಕೆಟ್‌ಬಾಲ್ ಟೂರ್ನಿಯನ್ನೂ ಆ ವಸಂತದ ಎಲ್ಲ ಚಾಂಪಿಯನ್‌ಶಿಪ್‌ಗಳನ್ನೂ ರದ್ದು ಮಾಡಿತು. ಅದೇ ವಾರ, ಆಮೇಲಿನ ವಾರ ಕಾಲೇಜುಗಳು ಮಕ್ಕಳನ್ನು ಮನೆಗೆ ಕಳಿಸಿದವು. ಅರ್ಧ ಸೆಮಿಸ್ಟರ್‌ನ ಹಾಸ್ಟೆಲ್ ದುಡ್ಡು, ಊಟದ ದುಡ್ಡು ವಾಪಸ್ ಕೊಡಬೇಕಾಯಿತು. ದೊಡ್ಡವರು ತಡೆದುಕೊಂಡರು. ಇಲಿನಾಯ್‌ನಲ್ಲಿ ಮ್ಯಾಕ್‌ಮರ‍್ರಿ ಕಾಲೇಜು ಅಂತ ಇತ್ತು. 1846ರಲ್ಲಿ ಶುರುವಾದದ್ದು. ಮಾರ್ಚ್ ಕೊನೆಯಲ್ಲಿ ಅದು ಇನ್ನು ನಡೆಸಲಾಗುವುದಿಲ್ಲ ಅಂತ ಹೇಳಿತು, ಮೇ ತಿಂಗಳಲ್ಲಿ ಮುಚ್ಚಿತು. ಏಪ್ರಿಲ್‌ನಲ್ಲಿ ಓಹಾಯೋದ ಅರ್ಬಾನಾ ಯೂನಿವರ್ಸಿಟಿಯ ಸರದಿ. ಎರಡೂ ಕಡೆ ಫುಟ್‌ಬಾಲ್ ತಂಡ ಇತ್ತು. ಕೊರೊನಾ ಬರುವ ಮೊದಲೇ ಅವರ ಸ್ಥಿತಿ ಕೆಟ್ಟಿತ್ತು, ಒಪ್ಪೋಣ. ಆದರೂ ಆ ಸುದ್ದಿ ಬಂದ ದಿನ ನಮ್ಮ ಸ್ಟಾಫ್ ರೂಮಿನ ಇ-ಮೇಲ್‌ಗಳ ಧಾಟಿಯೇ ಬದಲಾಯಿತು. ಮುಂದಿನದು ಯಾರು ಅಂತ ಎಲ್ಲರಿಗೂ ಒಳಗೊಳಗೇ ಲೆಕ್ಕ.

ಆಮೇಲೆ ಬಂತು ಬೇಸಿಗೆ. ಸೆಪ್ಟೆಂಬರ್‌ನಲ್ಲಿ ಆಟ ಇದೆಯೋ ಇಲ್ಲವೋ? ಕ್ಯಾಂಪಸ್ ತೆರೆಯುತ್ತದೆಯೋ ಇಲ್ಲವೋ? ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡಲು ಯಾರಿಗೂ ಆಗಲಿಲ್ಲ. ಯಾಕೆ ಅಂತ ಈಗ ನಿಮಗೆ ಗೊತ್ತು. ಆಟ ಇಲ್ಲ ಅಂದರೆ ನೂರು ಹುಡುಗರಲ್ಲಿ ಎಷ್ಟು ಜನ ಬರುತ್ತಾರೆ? ಬರದಿದ್ದರೆ ಹಾಸ್ಟೆಲ್ ಖಾಲಿ. ಹಾಸ್ಟೆಲ್ ಖಾಲಿಯಾದರೆ ಸಂಬಳಕ್ಕೆ ಕತ್ತರಿ. ಆಟ ಇದೆ ಅಂದರೆ? ಎಲ್ಲ ಆಟಗಳಲ್ಲಿ ಮೈಗೆ ಮೈ ತಾಗುವ, ಮುಖಕ್ಕೆ ಮುಖ ಕೊಟ್ಟು ಉಸಿರು ಬಿಡುವ ಆಟ ಇದು. ಎನ್‌ಸಿಎಎ ಕೂಡ ಇದನ್ನು ಅತಿ ಹೆಚ್ಚು ಅಪಾಯದ ಗುಂಪಿಗೆ ಸೇರಿಸಿತ್ತು.

ಇಲ್ಲಿ ಒಂದು ವಿಚಿತ್ರ ನೋಡಿ. ಆ ಬೇಸಿಗೆಯಲ್ಲಿ ಆಟ ಇಲ್ಲ ಅಂತ ಬೇಗ ಹೇಳಿದವರಲ್ಲಿ ಹೆಚ್ಚಿನವರು ಹೇಳಲು ಶಕ್ತಿ ಇದ್ದವರು. ಜೂನ್ 22ಕ್ಕೆ ಮೇನ್ ರಾಜ್ಯದ ಬೋಡನ್ ಕಾಲೇಜು ಹೇಳಿತು. ಜುಲೈ 8ಕ್ಕೆ ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್. ಅದಾದ ಎರಡೇ ದಿನಕ್ಕೆ ವಿಲಿಯಮ್ಸ್, ಆಮ್ಹರ್ಸ್ಟ್ ಎಲ್ಲ ಇರುವ ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ, ಹನ್ನೊಂದು ಸಣ್ಣ ಕಾಲೇಜುಗಳ ಒಕ್ಕೂಟ. ವಿಲಿಯಮ್ಸ್‌ನಲ್ಲಿ ಓದುವವರು ಎರಡು ಸಾವಿರ, ಬ್ಯಾಂಕಿನಲ್ಲಿರುವ ನಿಧಿ ಇನ್ನೂರು ಕೋಟಿ ಡಾಲರ್‌ಗೂ ಜಾಸ್ತಿ. ಅಂಥವರು ಒಂದು ವರ್ಷ ಆಟ ಬಿಟ್ಟರೆ ಏನೂ ಆಗುವುದಿಲ್ಲ. ಬಾಗಿಲಲ್ಲಿ ಹುಡುಗರು ಸಾಲು ನಿಂತಿರುತ್ತಾರೆ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜನ್ನು ನಾನು ಬೇರೆ ಇಡುತ್ತೇನೆ. ಮಾರ್ಟಿನ್ ಲೂಥರ್ ಕಿಂಗ್ ಓದಿದ ಕಾಲೇಜು, ಕರಿಯರ ಗಂಡುಮಕ್ಕಳಿಗಾಗಿ ಇರುವುದು. ಅಷ್ಟು ಶ್ರೀಮಂತವೂ ಅಲ್ಲ. ಜೂನ್ 26ರಂದೇ ಅದರ ಅಧ್ಯಕ್ಷ ಡೇವಿಡ್ ಥಾಮಸ್ ಫುಟ್‌ಬಾಲ್ ಇಲ್ಲ ಅಂದರು. ಆಟಗಾರರ ಸ್ಕಾಲರ್‌ಶಿಪ್ ನಿಲ್ಲಿಸುವುದಿಲ್ಲ ಅಂತಲೂ ಹೇಳಿದರು. ಕೊರೊನಾ ಕರಿಯರ ಮನೆಗಳನ್ನು ಎಷ್ಟು ಜೋರಾಗಿ ಬಡಿಯುತ್ತಿದೆ ಅನ್ನುವುದು ಅವರ ಕಣ್ಣ ಮುಂದೆಯೇ ಇತ್ತು. ಆ ಬೇಸಿಗೆಯ ತೀರ್ಮಾನಗಳಲ್ಲಿ ನನಗೆ ಜಾಸ್ತಿ ಗೌರವ ಇರುವುದು ಅದರ ಮೇಲೆ.

ಉಳಿದವರು ಕಾದರು. ‘ಸದ್ಯಕ್ಕೆ ಆಟ ಇದೆ ಎಂದೇ ತಯಾರಿ ನಡೆಸುತ್ತಿದ್ದೇವೆ’ ಅನ್ನುವ ವಾಕ್ಯ ನಾನು ಆ ಬೇಸಿಗೆಯಲ್ಲಿ ಓದಿದಷ್ಟು ಇನ್ಯಾವುದನ್ನೂ ಓದಿಲ್ಲ. ಕಾದದ್ದಕ್ಕೆ ಒಂದು ಕಾರಣ, ನಿಜವಾಗಿಯೂ ಯಾರಿಗೂ ಏನೂ ಗೊತ್ತಿರಲಿಲ್ಲ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಫೀಸು ಕಟ್ಟುವ ದಿನ ಇರುತ್ತದೆ. ಹಾಸ್ಟೆಲ್‌ಗೆ ಬರುವ ದಿನ ಇರುತ್ತದೆ. ಅಲ್ಲಿಯವರೆಗೆ ಹುಡುಗನ ಆಸೆ ಜೀವಂತ ಇರಬೇಕು. ಯಾವ ಕಾಲೇಜಿನ ಅಧ್ಯಕ್ಷರೂ ಕೂತು ಹೀಗೆ ಸಂಚು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಇಲ್ಲ ಅಂತ ಬೇಗ ಹೇಳಿದರೆ ನಷ್ಟ, ತಡವಾಗಿ ಹೇಳಿದರೆ ಅಷ್ಟು ನಷ್ಟ ಇಲ್ಲ ಅಂತಿದ್ದಾಗ ಜನ ತಡವಾಗಿಯೇ ಹೇಳುತ್ತಾರೆ, ಅಲ್ವಾ?

ಈ ಮಧ್ಯೆ ನಮ್ಮವರಿಗೆ ತಾಗಿದ ಇನ್ನೊಂದು ಗೊಂದಲ. ಜುಲೈ 6ರಂದು ಅಮೆರಿಕದ ವಲಸೆ ಇಲಾಖೆ ಒಂದು ಆದೇಶ ತಂತು. ಕ್ಲಾಸುಗಳೆಲ್ಲ ಆನ್‌ಲೈನ್ ಆದರೆ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಅಂತ. ಹಾರ್ವರ್ಡ್, ಎಂಐಟಿ ಕೋರ್ಟಿಗೆ ಹೋದ ಮೇಲೆ ಜುಲೈ 14ಕ್ಕೆ ವಾಪಸ್ ತೆಗೆದುಕೊಂಡರು. ಆ ಒಂದು ವಾರ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲೇ ಕೂತಿರುವ ಕೆಲವರ ಮಕ್ಕಳೂ ಆಗ ಅಲ್ಲಿದ್ದರು. ಫುಟ್‌ಬಾಲ್ ಹುಡುಗನ ಅಮ್ಮ, ಹುಬ್ಬಳ್ಳಿಯ ಅಮ್ಮ, ಇಬ್ಬರೂ ಕಾಲೇಜಿಗೆ ಕೇಳುತ್ತಿದ್ದದ್ದು ಒಂದನ್ನೇ: ತೆರೆಯುತ್ತೀರೋ ಇಲ್ಲವೋ, ಒಂದು ಮಾತು ಹೇಳಿ.

ಜುಲೈ ಮಧ್ಯದಲ್ಲಿ ಎನ್‌ಸಿಎಎ ಹೊಸ ಸೂಚನೆ ಕೊಟ್ಟಿತು. ಫುಟ್‌ಬಾಲ್‌ನಂಥ ಆಟಗಳಲ್ಲಿ ಪಂದ್ಯಕ್ಕೆ ಮೊದಲಿನ 72 ಗಂಟೆಯೊಳಗೆ ಎಲ್ಲರಿಗೂ ಟೆಸ್ಟ್ ಆಗಬೇಕು. ಒಬ್ಬನಿಗೆ ಪಾಸಿಟಿವ್ ಬಂದರೆ ಅವನ ಹತ್ತಿರ ಇದ್ದವರೆಲ್ಲ 14 ದಿನ ಕ್ವಾರಂಟೈನ್. ಸಣ್ಣ ಕಾಲೇಜುಗಳ ಆಟ ಮುಗಿದದ್ದು ಇಲ್ಲಿ ಅಂತ ನನ್ನ ಅನಿಸಿಕೆ. ಆಗ ಒಂದು ಪಿಸಿಆರ್ ಟೆಸ್ಟ್‌ಗೆ ಸರ್ಕಾರದ ವಿಮೆಯೇ ಲ್ಯಾಬಿಗೆ ನೂರು ಡಾಲರ್ ಕೊಡುತ್ತಿತ್ತು. ನೂರು ಹುಡುಗರಿಗೆ ವಾರಕ್ಕೆ ಹತ್ತು ಸಾವಿರ ಡಾಲರ್. ಹತ್ತು ಪಂದ್ಯದ ಸೀಸನ್‌ಗೆ ಒಂದು ಲಕ್ಷ. ದುಡ್ಡು ಹೇಗೋ ಹೊಂದಿಸಿದರೂ ರಿಪೋರ್ಟ್ ಬರಲು ಆಗ ಒಂದೊಂದು ಊರಲ್ಲಿ ಒಂದು ವಾರ ಆಗುತ್ತಿತ್ತು. 72 ಗಂಟೆ ಅನ್ನುವುದು ಕಾಗದದ ಮೇಲೆ ಉಳಿಯಿತು. ನ್ಯೂ ಇಂಗ್ಲೆಂಡಿನ ಕಾಲೇಜುಗಳಿಗೆ ಬಾಸ್ಟನ್ ಹತ್ತಿರದ ಬ್ರಾಡ್ ಇನ್‌ಸ್ಟಿಟ್ಯೂಟ್ 25 ಡಾಲರ್‌ಗೆ ಟೆಸ್ಟ್ ಮಾಡಿಕೊಟ್ಟಿತು. ಅಲ್ಲಿನ ಕಾಲೇಜುಗಳು ವಾರಕ್ಕೆ ಎರಡು ಮೂರು ಸಲ ಎಲ್ಲರ ಮೂಗಿಗೆ ಕಡ್ಡಿ ಹಾಕಿ ಕ್ಯಾಂಪಸ್ ನಡೆಸಿದವು. ತಮಾಷೆ ಏನಪ್ಪಾ ಅಂದರೆ, ಟೆಸ್ಟ್ ಮಾಡುವ ಶಕ್ತಿ ಇದ್ದ ಆ ಕಾಲೇಜುಗಳು ಅಷ್ಟರಲ್ಲಿ ಆಟ ರದ್ದು ಮಾಡಿಯಾಗಿತ್ತು.

ಆಗಸ್ಟ್ 5ರಂದು ಎನ್‌ಸಿಎಎ ಮೇಲಿನ ಮಂಡಳಿ ಒಂದು ಲೆಕ್ಕ ಇಟ್ಟಿತು. ಒಂದು ಆಟದಲ್ಲಿ ಅರ್ಧದಷ್ಟು ತಂಡಗಳೂ ಆಡದಿದ್ದರೆ ಆ ಡಿವಿಷನ್‌ನಲ್ಲಿ ಚಾಂಪಿಯನ್‌ಶಿಪ್ ಇಲ್ಲ. ಆಯಾ ಡಿವಿಷನ್ ಆಗಸ್ಟ್ 21ರೊಳಗೆ ನಿರ್ಧಾರ ಮಾಡಬೇಕು ಅಂತ ಗಡುವು. ಎರಡನೇ, ಮೂರನೇ ಡಿವಿಷನ್‌ಗಳು ಅಷ್ಟು ದಿನ ತೆಗೆದುಕೊಳ್ಳಲೇ ಇಲ್ಲ. ಅವತ್ತೇ ಚಾಂಪಿಯನ್‌ಶಿಪ್ ರದ್ದು ಅಂದವು. ಅದಾದ ಒಂದು ವಾರದಲ್ಲಿ ದೊಡ್ಡವರಲ್ಲೂ ಬಿರುಕು. ದೊಡ್ಡ ಯೂನಿವರ್ಸಿಟಿಗಳ ಒಕ್ಕೂಟ ಬಿಗ್ ಟೆನ್ ಆಟ ಮುಂದೂಡಿತು, ಅಧ್ಯಕ್ಷ ಟ್ರಂಪ್ ಆಡಿ ಆಡಿ ಅಂತ ಟ್ವೀಟ್ ಮಾಡಿದರು, ಸೆಪ್ಟೆಂಬರ್ 16ಕ್ಕೆ ಬಿಗ್ ಟೆನ್ ಮನಸ್ಸು ಬದಲಾಯಿಸಿತು. ಪತ್ರಿಕೆಗಳಲ್ಲಿ ಬಂದದ್ದೆಲ್ಲ ಆ ಜಗಳವೇ. ನಮ್ಮಂಥ ಊರುಗಳ ಸುದ್ದಿ ಲೋಕಲ್ ಪೇಪರಿನ ಒಳಪುಟ ದಾಟಲಿಲ್ಲ.

ಈಗ ಒಳಗೆ ಏನಾಯಿತು ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ನಮ್ಮ ಕಾಲೇಜು ಆಗಸ್ಟ್‌ನಲ್ಲಿ ತೆರೆಯಿತು. ಪಂದ್ಯ ಇಲ್ಲ, ಆದರೆ ಪ್ರಾಕ್ಟೀಸ್ ಇದೆ ಅಂದರು. ಪ್ರಾಕ್ಟೀಸ್ ಇಲ್ಲ ಅಂದಿದ್ದರೆ ಹುಡುಗರು ಬರುತ್ತಿರಲಿಲ್ಲ. ಲಾಕರ್ ರೂಮಿಗೆ ಬೀಗ. ಹಾಗಾಗಿ ಹುಡುಗರು ಹಾಸ್ಟೆಲ್ ರೂಮಿನಲ್ಲೇ ಭುಜದ ಪ್ಯಾಡು, ಹೆಲ್ಮೆಟ್ಟು, ಮುಳ್ಳು ಬೂಟು ಎಲ್ಲ ಕಟ್ಟಿಕೊಂಡು ಬರುತ್ತಿದ್ದರು. ಲೈಬ್ರರಿ ಮುಂದಿನ ಸಿಮೆಂಟ್ ದಾರಿಯಲ್ಲಿ ಟಕ ಟಕ ಅಂತ ಶಬ್ದ, ಮುಖಕ್ಕೆ ಮಾಸ್ಕ್, ಕೈಯಲ್ಲಿ ಸ್ವಂತ ನೀರಿನ ಕ್ಯಾನು. ಕ್ಯಾನಿನ ಮೇಲೆ ಬಿಳಿ ಟೇಪು, ಟೇಪಿನ ಮೇಲೆ ನಂಬರು. ಮೊದಲೆಲ್ಲ ಎಲ್ಲರಿಗೂ ಒಂದೇ ನಲ್ಲಿಯ ನೀರು. ಹತ್ತು ಹತ್ತು ಜನರ ಗುಂಪು ಮಾಡಿದ್ದರು. ಒಂದು ಗುಂಪು ಇನ್ನೊಂದರ ಹತ್ತಿರ ಹೋಗುವ ಹಾಗಿಲ್ಲ. ಮೊದಲ ವಾರಗಳಲ್ಲಿ ಒಬ್ಬರನ್ನೊಬ್ಬರು ಮುಟ್ಟುವ ಹಾಗೂ ಇಲ್ಲ. ಎದುರಿಗೆ ಬರುವವನನ್ನು ಕೆಡವುವುದೇ ಆಟ ಆಗಿರುವಾಗ ಮುಟ್ಟದೆ ಏನು ಆಡುತ್ತೀರಿ? ಗಾಳಿಯಲ್ಲಿ ಓಡಿ, ಬಗ್ಗಿ, ಎದ್ದು, ವಾಪಸ್ ಬಂದು ನಿಲ್ಲುತ್ತಿದ್ದರು. ಕೋಚ್ ಮಾಸ್ಕಿನೊಳಗಿಂದ ಕೂಗಿ ಗಂಟಲು ಹೋಗಿ ಆಮೇಲೆ ಮೆಗಾಫೋನ್ ತಂದರು.

ನನ್ನ ಕ್ಲಾಸು ಆ ಸೆಮಿಸ್ಟರ್ ಜಿಮ್‌ನಲ್ಲಿ ನಡೆಯಿತು. ಆರು ಅಡಿಗೆ ಒಂದು ಕುರ್ಚಿ. ಯಾರು ಎಲ್ಲಿ ಕೂತಿದ್ದಾರೆ ಅಂತ ನಕ್ಷೆ ಮಾಡಿ ಆಫೀಸಿಗೆ ಕೊಡಬೇಕು. ಬೆಳಗ್ಗೆ ಇ-ಮೇಲ್ ಬರುತ್ತಿತ್ತು: ಈ ವಿದ್ಯಾರ್ಥಿ ಮುಂದಿನ 14 ದಿನ ಕ್ಲಾಸಿಗೆ ಬರುವುದಿಲ್ಲ, ಆನ್‌ಲೈನ್ ವ್ಯವಸ್ಥೆ ಮಾಡಿ. ಕಾರಣ ಬರೆದಿರುತ್ತಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಒಂದೇ ದಿನ ನಾಲ್ಕೈದು ಇ-ಮೇಲ್ ಬಂದು, ಎಲ್ಲರೂ ಭಾರೀ ಮೈಕಟ್ಟಿನ ಹುಡುಗರಾಗಿದ್ದರೆ, ಲೈನ್‌ನಲ್ಲಿ, ಅಂದರೆ ಮುಂದಿನ ಸಾಲಿನಲ್ಲಿ, ಆಡುವವರ ರೂಮಿಗೆ ಕೊರೊನಾ ಬಂದಿದೆ ಅಂತ ಗೊತ್ತಾಗುತ್ತಿತ್ತು.

ಹುಡುಗರಿಗೆ ಇದ್ದ ಲೆಕ್ಕಾಚಾರ ನಮ್ಮದಕ್ಕಿಂತ ಕಷ್ಟದ್ದು. ಕೊನೇ ವರ್ಷದ ಒಬ್ಬ ಹುಡುಗ, ಅಕೌಂಟಿಂಗ್ ಓದುತ್ತಿದ್ದವನು, ಜೂಮ್‌ನಲ್ಲಿ ಸಿಕ್ಕಿದ. ‘ಪ್ರೊಫೆಸರ್, ನೀವು ಸಂಭವನೀಯತೆ ಕಲಿಸಿದ್ದೀರಿ, ಇದನ್ನು ನೋಡಿ’ ಅಂತ ಒಂದು ಹಾಳೆ ಕ್ಯಾಮೆರಾಗೆ ಹಿಡಿದ. ಮೂರು ದಾರಿ ಬರೆದಿದ್ದ. ಈ ಸೆಮಿಸ್ಟರ್ ಬಿಟ್ಟು ಗೋದಾಮಿನಲ್ಲಿ ಕೆಲಸ ಮಾಡಿ ಮುಂದಿನ ವರ್ಷ ಬಂದು ಆಡುವುದು. ಅಥವಾ ಈಗ ಓದಿ, ಮೇ ತಿಂಗಳಲ್ಲಿ ಡಿಗ್ರಿ ಪಡೆದು, ಆಟ ಮರೆತುಬಿಡುವುದು. ಅಥವಾ ಡಿಗ್ರಿ ಮುಗಿದರೂ ಇನ್ನೊಂದು ಸೆಮಿಸ್ಟರ್ ಸುಮ್ನೆ ಯಾವುದೋ ಕೋರ್ಸ್ ತೆಗೆದುಕೊಂಡು ಆಡುವುದು. ಮೂರಕ್ಕೂ ಎದುರು ಡಾಲರ್ ಬರೆದಿದ್ದ. ಕಾಲೇಜಿನ ರಿಯಾಯಿತಿ ಎಂಟು ಸೆಮಿಸ್ಟರ್‌ಗೆ ಮಾತ್ರ. ಒಂಬತ್ತನೆಯದು ಪೂರ್ತಿ ಅಪ್ಪನ ಜೇಬಿನಿಂದ. ಎಲ್ಲ ಲೆಕ್ಕ ಸರಿ ಇತ್ತು. 2021ರಲ್ಲಿ ಆಟ ನಡೆಯುವ ಸಂಭವ ಎಷ್ಟು ಅನ್ನುವ ಕಡೆ ಮಾತ್ರ ಪ್ರಶ್ನಾರ್ಥಕ ಚಿಹ್ನೆ. ಅದನ್ನು ತುಂಬಿಕೊಡಿ ಅಂತ ಕೇಳಲು ಬಂದಿದ್ದ. ನನ್ನ ಹತ್ತಿರ ಸಂಖ್ಯೆ ಇರಲಿಲ್ಲ, ಯಾರ ಹತ್ತಿರವೂ ಇರಲಿಲ್ಲ. ಅವನು ಎರಡನೇ ದಾರಿ ಹಿಡಿದ. ಡಿಗ್ರಿ ಮುಗಿಸಿ ಊರಿನ ಹತ್ತಿರವೇ ಒಂದು ಆಡಿಟ್ ಕಚೇರಿ ಸೇರಿದ.

ಎನ್‌ಸಿಎಎ ಏನು ಮಾಡಿತು ಅಂದರೆ, ಆ ವರ್ಷವನ್ನು ಆಟಗಾರರ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂದಿತು. ಇನ್ನೊಂದು ವರ್ಷ ಆಡಬಹುದು. ಕೇಳಲು ಚೆನ್ನಾಗಿದೆ. ದೊಡ್ಡ ಯೂನಿವರ್ಸಿಟಿಯ ಆಟಗಾರನಿಗೆ ಆ ಒಂದು ವರ್ಷ ಅಂದರೆ ಇನ್ನೊಂದು ವರ್ಷದ ಸ್ಕಾಲರ್‌ಶಿಪ್ ಇರಬಹುದು, ದುಡ್ಡಿಗೆ ಆಡುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗುವ ಇನ್ನೊಂದು ಅವಕಾಶ ಇರಬಹುದು. ಮೂರನೇ ಡಿವಿಷನ್ ಹುಡುಗನಿಗೆ ಸ್ಕಾಲರ್‌ಶಿಪ್ಪೇ ಇಲ್ಲ. ಅವನ ಪಾಲಿಗೆ ಅದು ಇನ್ನೊಂದು ವರ್ಷದ ಸಾಲ. ಒಂದೇ ನಿಯಮ, ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಬಿಲ್ಲು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಿದ್ದನ್ನು ನಾನು ನೋಡಿಲ್ಲ.

ಆ ವರ್ಷ ತಪ್ಪಿಹೋದ ಪಂದ್ಯಗಳಲ್ಲಿ ಒಂದರ ಕತೆ ಹೇಳದೆ ಇರಲಾರೆ. ಇಂಡಿಯಾನಾದಲ್ಲಿ ವಾಬಾಶ್, ಡಿಪಾ ಅಂತ ಎರಡು ಕಾಲೇಜುಗಳಿವೆ. ನಡುವೆ ಮೂವತ್ತು ಮೈಲಿ ಇಲ್ಲ. 1890ರಿಂದ ಆಡುತ್ತಿದ್ದಾರೆ. 1932ರಿಂದ ಗೆದ್ದವರಿಗೆ ಒಂದು ಗಂಟೆ. ಮೊನಾನ್ ಅನ್ನುವ ರೈಲು ಕಂಪನಿಯ ಎಂಜಿನ್‌ನಿಂದ ತೆಗೆದ ಗಂಟೆ ಅದು. ಅದನ್ನು ಒಬ್ಬರಿಂದೊಬ್ಬರು ಕದ್ದ ಕತೆಗಳೇ ಬೇಕಾದಷ್ಟಿವೆ. 1911ರಿಂದ 2019ರವರೆಗೆ ಒಂದು ವರ್ಷವೂ ತಪ್ಪದೆ ಆಡಿದರು. ಎರಡು ಮಹಾಯುದ್ಧ ಬಂದು ಹೋದವು, 1918ರ ಫ್ಲೂ ಬಂದು ಹೋಯಿತು. 2020ರಲ್ಲಿ ತಪ್ಪಿತು.

1910ರಲ್ಲಿ ಯಾಕೆ ಆಡಲಿಲ್ಲ ಗೊತ್ತಾ? ಆ ವರ್ಷ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ವಿರುದ್ಧದ ಪಂದ್ಯದಲ್ಲಿ ವಾಬಾಶ್‌ನ ಒಬ್ಬ ಹುಡುಗನ ತಲೆಗೆ ಪೆಟ್ಟಾಯಿತು. ಹುಡುಗ ಉಳಿಯಲಿಲ್ಲ. ಕಾಲೇಜು ಅಲ್ಲಿಗೇ ಸೀಸನ್ ನಿಲ್ಲಿಸಿತು. ಸಾಯುವ ಮೊದಲು ಅವನು ‘ವಾಬಾಶ್ ಗೆದ್ದಿತಾ?’ ಅಂತ ಕೇಳಿದನಂತೆ. ಆ ಮಾತನ್ನು ವಾಬಾಶ್‌ನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದರಲ್ಲಿ ಹೆಮ್ಮೆ ಕಾಣುವುದಿಲ್ಲ, ಹೊಟ್ಟೆ ಹಿಂಡುತ್ತದೆ. ಅದಿರಲಿ. ಆ ಕಾಲದಲ್ಲಿ ಈ ಆಟದಲ್ಲಿ ಸಾವು ಅಪರೂಪ ಆಗಿರಲಿಲ್ಲ. 1905ರ ಒಂದೇ ಸೀಸನ್‌ನಲ್ಲಿ ಹದಿನೆಂಟೋ ಹತ್ತೊಂಬತ್ತೋ ಜನ ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಿದರು. ಮರುವರ್ಷ ಹುಟ್ಟಿದ ಸಂಸ್ಥೆಯೇ ಇವತ್ತಿನ ಎನ್‌ಸಿಎಎ. ಅಂದರೆ ಆಡುವ ಹುಡುಗರ ಜೀವ ಉಳಿಸಬೇಕು ಅಂತಲೇ ಹುಟ್ಟಿದ ಸಂಸ್ಥೆ ಅದು. 2020ರಲ್ಲಿ ಅದು ಸೂಚನೆ ಕೊಟ್ಟಿತು, ತೀರ್ಮಾನವನ್ನು ಕಾಲೇಜುಗಳ ತಲೆಗೆ ಕಟ್ಟಿತು.

ತೆರೆದ ಕ್ಯಾಂಪಸ್‌ಗಳ ಗತಿಯೂ ಒಂದೇ ರೀತಿ ಇರಲಿಲ್ಲ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ಯೂನಿವರ್ಸಿಟಿ ಆಗಸ್ಟ್ 10ಕ್ಕೆ ಕ್ಲಾಸ್ ಶುರು ಮಾಡಿತು. ಒಂದು ವಾರಕ್ಕೆ ಪದವಿ ಕ್ಲಾಸುಗಳನ್ನೆಲ್ಲ ಆನ್‌ಲೈನ್ ಮಾಡಿ ಮಕ್ಕಳನ್ನು ಮನೆಗೆ ಕಳಿಸಲು ಶುರು ಮಾಡಿತು. ಆದರೆ ಅದರ ಫುಟ್‌ಬಾಲ್ ತಂಡ ಉಳಿಯಿತು, ಆ ಸೀಸನ್ ಪೂರ್ತಿ ಆಡಿತು. ಇದನ್ನು ನಮ್ಮ ಊರಿನ ಜೊತೆ ಇಟ್ಟು ನೋಡಿ. ಅಲ್ಲಿ ಕ್ಲಾಸಿಲ್ಲ, ಆಟ ಇದೆ. ಇಲ್ಲಿ ಕ್ಲಾಸಿದೆ, ಆಟ ಇಲ್ಲ. ಎರಡೂ ಕಡೆ ತೀರ್ಮಾನ ಮಾಡಿದ್ದು ದುಡ್ಡು. ಅಲ್ಲಿನದು ಟಿವಿಯಿಂದ ಬರುವ ದುಡ್ಡು, ಇಲ್ಲಿನದು ಹಾಸ್ಟೆಲ್‌ನಿಂದ ಬರುವ ದುಡ್ಡು.

ಎನ್‌ಎಐಎ ಕಾಲೇಜುಗಳು ಇನ್ನೊಂದು ದಾರಿ ಹಿಡಿದವು. ಚಾಂಪಿಯನ್‌ಶಿಪ್ಪನ್ನು ವಸಂತಕ್ಕೆ ತಳ್ಳಿ, ಪಂದ್ಯ ಯಾವಾಗ ಆಡುತ್ತೀರಿ ಅನ್ನುವುದನ್ನು ಆಯಾ ಪ್ರದೇಶದ ಒಕ್ಕೂಟಗಳಿಗೆ ಬಿಟ್ಟರು. ಅಯೋವಾ, ನೆಬ್ರಾಸ್ಕಾ ಕಡೆಯವರು ಶರತ್ಕಾಲದಲ್ಲೇ ಆಡಿ ಮುಗಿಸಿದರು. ಮುಗಿಸಿದ ಮೇಲೆ ನಾಕೌಟ್‌ಗಾಗಿ ಏಪ್ರಿಲ್‌ವರೆಗೆ ಕಾದರು. ಕೆಂಟಕಿ ಕಡೆಯವರು ವಸಂತದಲ್ಲಿ ಆಡಿದರು. 2021ರ ಮೇ 10ರಂದು ಲೂಸಿಯಾನಾದ ಗ್ರ್ಯಾಂಬ್ಲಿಂಗ್‌ನಲ್ಲಿ ಫೈನಲ್. ಕೆಂಟಕಿಯ ಲಿಂಡ್ಸೆ ವಿಲ್ಸನ್ ಕಾಲೇಜು ಅಯೋವಾದ ನಾರ್ತ್‌ವೆಸ್ಟರ್ನ್ ಕಾಲೇಜನ್ನು 45-13ರಿಂದ ಸೋಲಿಸಿತು. ಲಿಂಡ್ಸೆ ವಿಲ್ಸನ್ ಫುಟ್‌ಬಾಲ್ ಶುರು ಮಾಡಿದ್ದೇ 2010ರಲ್ಲಿ. ಮೂರನೇ ಡಿವಿಷನ್‌ನಲ್ಲೂ ಓಹಾಯೋ, ಟೆಕ್ಸಾಸ್‌ನ ಕೆಲವು ಒಕ್ಕೂಟಗಳು ವಸಂತದಲ್ಲಿ ಸಣ್ಣ ಸೀಸನ್ ನಡೆಸಿದವು. ಚಾಂಪಿಯನ್‌ಶಿಪ್ ಮಾತ್ರ ಇರಲಿಲ್ಲ. ಹಾಗಾಗಿ 2019ರಲ್ಲಿ ಗೆದ್ದ ಇಲಿನಾಯ್‌ನ ನಾರ್ತ್ ಸೆಂಟ್ರಲ್ ಕಾಲೇಜು ಎರಡು ವರ್ಷ ಚಾಂಪಿಯನ್ ಆಗಿಯೇ ಉಳಿಯಿತು.

ಕೆಲವರು ಈ ಸಮಯದಲ್ಲಿ ಆಟವನ್ನೇ ಬಿಟ್ಟರು. ಲಾಸ್ ಏಂಜಲೀಸ್‌ನ ಆಕ್ಸಿಡೆಂಟಲ್ ಕಾಲೇಜು, ಬರಾಕ್ ಒಬಾಮ ಮೊದಲ ಎರಡು ವರ್ಷ ಓದಿದ್ದು ಅಲ್ಲೇ, 2020ರ ಅಕ್ಟೋಬರ್‌ನಲ್ಲಿ ಇನ್ನು ಫುಟ್‌ಬಾಲ್ ಇಲ್ಲ ಅಂದಿತು. ನೂರು ವರ್ಷಕ್ಕೂ ಹಳೆಯ ತಂಡ. 2017ರಲ್ಲೇ ಆಟಗಾರರು ಸಾಲದೆ ಸೀಸನ್ ನಡುವೆ ನಿಲ್ಲಿಸಿತ್ತು. ಆಕ್ಸಿಡೆಂಟಲ್‌ಗೆ ಹೆಸರಿದೆ, ಊರು ಲಾಸ್ ಏಂಜಲೀಸ್. ಫುಟ್‌ಬಾಲ್ ಇಲ್ಲದೆಯೂ ಹುಡುಗರು ಬರುತ್ತಾರೆ. ಜೋಳದ ಹೊಲದ ನಡುವಿನ ಕಾಲೇಜಿಗೆ ಆ ಧೈರ್ಯ ಬರುವುದಿಲ್ಲ.

ನನ್ನ ಮಾತು ಇಷ್ಟು. ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ಮೇಡಂ ಕೇಳಿದರು: ಇಷ್ಟೆಲ್ಲ ಒದ್ದಾಡುವ ಬದಲು ಆ ಸೆಮಿಸ್ಟರ್ ಪೂರ್ತಿ ಆನ್‌ಲೈನ್ ಮಾಡಬಹುದಿತ್ತಲ್ಲ?

ಮಾಡಿದವರಿದ್ದಾರೆ ಮೇಡಂ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯವರು ತಮ್ಮ 23 ಕ್ಯಾಂಪಸ್‌ಗಳಲ್ಲೂ ಬಹುಪಾಲು ಆನ್‌ಲೈನ್ ಅಂತ ಮೇ ತಿಂಗಳಲ್ಲೇ ಹೇಳಿಬಿಟ್ಟರು. ಅದು ಸರ್ಕಾರದ ಸಂಸ್ಥೆ, ಫೀಸು ಕಡಿಮೆ, ತುಂಬಾ ಮಕ್ಕಳು ಮನೆಯಿಂದಲೇ ಬರುವವರು. ನಮ್ಮಂಥ ಕಾಲೇಜು ಮಾರುವುದು ಕ್ಲಾಸನ್ನಷ್ಟೇ ಅಲ್ಲ. ಮರದ ಕೆಳಗೆ ಕೂರುವುದು, ರೂಮ್‌ಮೇಟು, ಶನಿವಾರದ ಪಂದ್ಯ, ಎಲ್ಲ ಸೇರಿಸಿ ಅಷ್ಟು ಫೀಸು. ಜೂಮ್‌ನಲ್ಲಿ ಅದನ್ನು ಕೊಡುತ್ತೇವೆ ಅಂದರೆ ಅಪ್ಪ ಅಮ್ಮ ಕೇಳುತ್ತಾರೆ, ಮತ್ತೆ ಊರಿನ ಸರ್ಕಾರಿ ಕಾಲೇಜು ಯಾಕೆ ಬೇಡ ಅಂತ. ಉತ್ತರ ಇರಲಿಲ್ಲ.

ಇನ್ನೊಬ್ಬರ ಪ್ರಶ್ನೆ: ಕೊನೆಗೆ ಆಟದಿಂದ ಕೊರೊನಾ ಹರಡಿತೋ ಇಲ್ಲವೋ?

ಎನ್‌ಎಫ್‌ಎಲ್‌ನವರು ಆ ಸೀಸನ್‌ನಲ್ಲಿ ಆಟಗಾರರ ಮೈಗೆ ಟ್ರ್ಯಾಕರ್ ಕಟ್ಟಿ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಜೊತೆ ಸೇರಿ ವರದಿ ಕೊಟ್ಟರು. ಹರಡಿದ್ದು ಹೆಚ್ಚಾಗಿ ಮಾಸ್ಕ್ ಇಲ್ಲದೆ ಒಟ್ಟಿಗೆ ಊಟ ಮಾಡಿದಾಗ, ಕಾರಿನಲ್ಲಿ ಹೋದಾಗ, ಮುಚ್ಚಿದ ಕೋಣೆಯಲ್ಲಿ ಮೀಟಿಂಗ್ ಮಾಡಿದಾಗ. ಮೈದಾನದಲ್ಲಿ ಎದುರಾಳಿಯಿಂದ ಹರಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಹೃದಯದ ಸ್ನಾಯು ಊದಿಕೊಳ್ಳುತ್ತದೆ ಅನ್ನುವ ಭಯವೂ ಆಗ ಇತ್ತು. ಬಿಗ್ ಟೆನ್‌ನವರು ಸುಮಾರು 1,600 ಆಟಗಾರರ ಹೃದಯ ಸ್ಕ್ಯಾನ್ ಮಾಡಿದಾಗ ತೊಂದರೆ ಕಂಡದ್ದು 37 ಜನರಲ್ಲಿ. ಆದರೆ ಇದೆಲ್ಲ 2021ರಲ್ಲಿ ಗೊತ್ತಾದದ್ದು. ಇವತ್ತಿನ ಅರಿವು ಇಟ್ಟುಕೊಂಡು ಅವತ್ತು ಆಟ ನಿಲ್ಲಿಸಿದವರನ್ನು ಬೈಯುವುದು ನ್ಯಾಯ ಅಲ್ಲ. ಮತ್ತೆ ಒಂದೇ ರೂಮಿನಲ್ಲಿ ಇಬ್ಬರು, ಒಂದೇ ಬಸ್ಸಿನಲ್ಲಿ ಐವತ್ತು ಜನ ಇರುವ ಸಣ್ಣ ಕಾಲೇಜಿನಲ್ಲಿ ಮೈದಾನ ಒಂದನ್ನೇ ಬೇರೆ ಮಾಡಿ ನೋಡುವುದು ಹೇಗೆ?

ಕೊನೇ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ನಿಮ್ಮ ಕಾಲೇಜು ಈಗ ಹೇಗಿದೆ ಸರ್?

ಇದೆ. ಎಲ್ಲರಿಗೂ ಆ ಭಾಗ್ಯ ಇಲ್ಲ. ಮ್ಯಾಸಚೂಸೆಟ್ಸ್‌ನ ಬೆಕರ್ ಕಾಲೇಜು 2021ರಲ್ಲಿ ಮುಚ್ಚಿತು. ಮಿಶಿಗನ್‌ನ ಫಿನ್‌ಲ್ಯಾಂಡಿಯಾ, ಅಯೋವಾ ವೆಸ್ಲಿಯನ್ ಎರಡೂ 2023ರಲ್ಲಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್ 2024ರಲ್ಲಿ. ಅದು 2007ರಲ್ಲಿ ಫುಟ್‌ಬಾಲ್ ಮತ್ತೆ ಶುರು ಮಾಡಿತ್ತು. ಈ ನಾಲ್ಕೂ ಕಡೆ ತಂಡ ಇತ್ತು, ಅಂದರೆ ಫುಟ್‌ಬಾಲ್ ಇದ್ದ ಮಾತ್ರಕ್ಕೆ ಕಾಲೇಜು ಉಳಿಯುವುದಿಲ್ಲ. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಹುಟ್ಟಿದ ಮಕ್ಕಳೇ ಕಡಿಮೆ. ಆ ಮಕ್ಕಳು ಈಗ ಹದಿನೆಂಟಕ್ಕೆ ಬರುತ್ತಿದ್ದಾರೆ. ನಮ್ಮ ಅಡ್ಮಿಷನ್ ಆಫೀಸು ಈಗ ಒಬ್ಬೊಬ್ಬ ಕೋಚ್‌ಗೂ ಇಷ್ಟು ಜನರನ್ನು ತರಬೇಕು ಅಂತ ಬರೆದೇ ಕೊಡುತ್ತದೆ. ಫುಟ್‌ಬಾಲ್ ತಂಡ ಕೊರೊನಾಕ್ಕೆ ಮೊದಲು ಇದ್ದದ್ದಕ್ಕಿಂತ ದೊಡ್ಡದಾಗಿದೆ. ಈ ವರ್ಷ ಹುಡುಗಿಯರ ಕುಸ್ತಿ ತಂಡ ಶುರು ಮಾಡಿದ್ದಾರೆ. ಅಖಾಡ ಇನ್ನೂ ತಯಾರಾಗಿಲ್ಲ, ಕೋಚ್ ಆಗಲೇ ಹೈಸ್ಕೂಲುಗಳನ್ನು ಸುತ್ತುತ್ತಿದ್ದಾರೆ.